ಎರಡಕ್ಕೆ ಒಂದು: ನೀರು ಒಡೆಯುವ ಮಗ್ಗನ್ನು ಸರಿಪಡಿಸಿದ ದಿನಚರಿ

ನಮ್ಮ ಪ್ರೌಢಶಾಲೆಯ ಪ್ರಯೋಗಾಲಯವೆಂದರೆ ಒಂಬತ್ತನೆಯ ತರಗತಿಯ ಹಿಂಗೋಡೆಗೆ ಒರಗಿಸಿ ನಿಲ್ಲಿಸಿದ ಎರಡು ಮರದ ಬೀರುಗಳು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಬದಿಯ ಊರು ನಮ್ಮದಾದ್ದರಿಂದ, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಆ ಬೀರುಗಳ ಬಾಗಿಲು ಉಬ್ಬಿಕೊಂಡು ಚೌಕಟ್ಟಿಗೆ ಕಚ್ಚಿ ಕೂರುತ್ತದೆ. ತೆರೆಯಬೇಕಾದರೆ ಒಬ್ಬ ಹಿಡಿಕೆ ಎಳೆಯಬೇಕು, ಇನ್ನೊಬ್ಬ ಕೆಳಗಿನ ಮೂಲೆಗೆ ಮೊಣಕಾಲಿನಿಂದ ಗುದ್ದಬೇಕು. ನಾನು ಹತ್ತನೆಯ ತರಗತಿಯಲ್ಲಿದ್ದ ವರ್ಷ ಹಾಗೆ ತೆರೆದ ಬೀರುವಿನ ಕೆಳಗಿನ ಅರೆಯಲ್ಲಿ ಒಂದು ಪ್ಲಾಸ್ಟಿಕ್ ಮಗ್ಗು ಸಿಕ್ಕಿತು. ಅದರ ತಳದಲ್ಲಿ ಎರಡು ತೂತುಗಳಿದ್ದವು. ಒಂದು ತೂತಿನಲ್ಲಿ ಒಣಗಿ ಬಿರುಕುಬಿಟ್ಟ ರಬ್ಬರ್ ಬಿರಡೆಯೂ ಅದರ ನಡುವೆ ಮುರಿದ ಇಂಗಾಲದ ಕಡ್ಡಿಯೂ ಇದ್ದವು. ಇನ್ನೊಂದರಲ್ಲಿ ಏನೂ ಇರಲಿಲ್ಲ. ಜೋತುಬಿದ್ದಿದ್ದ ತಂತಿಯ ತುದಿ ಹಸಿರುಗಟ್ಟಿತ್ತು.

ಅದು ಯಾವುದಕ್ಕೆ ಎಂಬುದು ನಮಗೆ ಗೊತ್ತಿತ್ತು. ವಿಜ್ಞಾನ ಪಠ್ಯಪುಸ್ತಕದ ಮೊದಲ ಅಧ್ಯಾಯದ ಚಟುವಟಿಕೆ 1.7 ನೀರಿನ ವಿದ್ಯುದ್ವಿಭಜನೆಯದು, ಅಂದರೆ ವಿದ್ಯುತ್ ಹರಿಸಿ ನೀರನ್ನು ಹೈಡ್ರೋಜನ್ ಮತ್ತು ಆಮ್ಲಜನಕಗಳಾಗಿ ಒಡೆಯುವುದು: ಮಗ್ಗಿನ ತಳಕ್ಕೆ ಎರಡು ಇಂಗಾಲದ ಎಲೆಕ್ಟ್ರೋಡ್ ಸಿಕ್ಕಿಸಿ, ನೀರು ತುಂಬಿ, ಕೆಲವು ಹನಿ ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಸಲ್ಫ್ಯೂರಿಕ್ ಆಮ್ಲ ಸೇರಿಸಿ, ನೀರು ತುಂಬಿದ ಪ್ರನಾಳಗಳನ್ನು (ಟೆಸ್ಟ್ ಟ್ಯೂಬ್) ಎಲೆಕ್ಟ್ರೋಡುಗಳ ಮೇಲೆ ಬೋರಲು ಹಾಕಿ, 6 ವೋಲ್ಟಿನ ಬ್ಯಾಟರಿ ಜೋಡಿಸಬೇಕು. ಮುಂದೆ ಪಾಠದ ನಡುವೆ, ಒಂದು ಪ್ರನಾಳದಲ್ಲಿ ಸಂಗ್ರಹವಾದ ಅನಿಲವು ಇನ್ನೊಂದರ ಎರಡರಷ್ಟು ಏಕೆ ಎಂಬ ಪ್ರಶ್ನೆಯಿದೆ. ಎರಡರಷ್ಟು ಬಂದೇ ಬರುತ್ತದೆ ಎಂದು ನಂಬಿಯೇ ಆ ಪ್ರಶ್ನೆಯನ್ನು ಕೇಳಿದ್ದಾರೆ. ನಮ್ಮ ಮೇಷ್ಟ್ರು ಮಗ್ಗನ್ನು ನನಗೂ ನನ್ನ ಬೆಂಚಿನ ಜೊತೆಗಾರನಿಗೂ ಕೊಟ್ಟು, “ಇದನ್ನು ಸರಿ ಮಾಡ್ರಪ್ಪ. ನಿಮ್ಮ ಪ್ರನಾಳದಲ್ಲಿ ಎಷ್ಟು ಬಂತೋ ಅಷ್ಟನ್ನೇ ರೆಕಾರ್ಡಿನಲ್ಲಿ ಬರೀಬೇಕು, ಪುಸ್ತಕದ್ದನ್ನಲ್ಲ” ಎಂದರು. ಒಂದು ವಾರದ ಕೆಲಸವೆಂದುಕೊಂಡೆವು. ಗಣಪತಿ ಹಬ್ಬ ಕಳೆದ ಮೇಲೂ ಅದು ಮುಗಿದಿರಲಿಲ್ಲ. ಮುಂದಿನದೆಲ್ಲ ಆಗ ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಟ್ಟದ್ದರಿಂದ ಬರೆದದ್ದು.

ಮೊದಲು ನಾವು ಇಂಗಾಲದ ಗೊಡವೆಗೇ ಹೋಗಲಿಲ್ಲ. ವಿದ್ಯುತ್ ಹರಿಯುವುದಷ್ಟೇ ಮುಖ್ಯವಾದರೆ ತಾಮ್ರ ಇಂಗಾಲಕ್ಕಿಂತ ಮೇಲಲ್ಲವೇ ಎಂಬುದು ನಮ್ಮ ತರ್ಕ. ವಯರಿಂಗಿನ ತಂತಿಯ ಸಿಪ್ಪೆ ಸುಲಿದು ಎರಡು ತುಂಡುಗಳನ್ನು ಗಾಜಿನ ಉಪ್ಪಿನಕಾಯಿ ಬಾಟಲಿಯ ನೀರಿಗೆ ಇಳಿಬಿಟ್ಟೆವು. ಮೇಷ್ಟ್ರು ಆಮ್ಲದ ಹನಿಗಳನ್ನು ತಾವೇ ಹಾಕಿದರು. ನಾಲ್ಕು ಟಾರ್ಚ್ ಸೆಲ್ಲುಗಳನ್ನು ಸಾಲಾಗಿ ಜೋಡಿಸಿದ ಕೂಡಲೇ ಋಣ ತುದಿಗೆ ಕಟ್ಟಿದ ತಂತಿಯಿಂದ ಗುಳ್ಳೆಗಳು ಏಳತೊಡಗಿದವು. ಧನ ತುದಿಯ ತಂತಿ ಮಾತ್ರ ಸುಮ್ಮನಿತ್ತು. ಆಮ್ಲಜನಕ ಬರಬೇಕಾದ ಕಡೆ ಒಂದು ಗುಳ್ಳೆಯೂ ಇಲ್ಲ. ಸೆಲ್ಲು ತಿರುಗಿಸಿ ಜೋಡಿಸಿದರೆ ಸುಮ್ಮನಿರುವ ಸರದಿ ಇನ್ನೊಂದು ತಂತಿಯದಾಯಿತು. ಅರ್ಧ ಗಂಟೆ ಹಾಗೆಯೇ ಬಿಟ್ಟಾಗ ನೀರು ತಿಳಿನೀಲಿಯಾಯಿತು. ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಮನೆಗಳಲ್ಲಿ ಬೆಳೆದ ನಮ್ಮಿಬ್ಬರಿಗೂ ಆ ಬಣ್ಣವನ್ನು ಯಾರೂ ಪರಿಚಯಿಸಬೇಕಾಗಿರಲಿಲ್ಲ: ಅದು ಮೈಲುತುತ್ತದ ನೀರು. ಕೊಳೆರೋಗಕ್ಕೆಂದು 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಹಾಕಿ ಬೋರ್ಡೋ ದ್ರಾವಣ ಮಾಡಿದ ಮೇಲೆ ಅಪ್ಪಯ್ಯ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಅಲಗು ಕೆಂಪಗಾದರೆ ತಾಮ್ರ ಮಿಕ್ಕಿದೆ, ಸುಣ್ಣ ಸಾಲದು ಎಂದರ್ಥ. ನಾವೂ ಬಾಟಲಿಗೆ ಒಂದು ಕಬ್ಬಿಣದ ಮೊಳೆ ಹಾಕಿದೆವು. ಸ್ವಲ್ಪ ಹೊತ್ತಿಗೆ ಅದರ ಮೇಲೆ ಕೆಂಪು ಲೇಪ ಕೂತಿತು. ಧನ ತುದಿಯ ತಾಮ್ರವು ಆಮ್ಲಜನಕವನ್ನು ಹೊರಬಿಡುವ ಬದಲು ತಾನೇ ಕರಗಿ ತಾಮ್ರದ ಸಲ್ಫೇಟ್, ಅಂದರೆ ಮೈಲುತುತ್ತ, ಆಗುತ್ತಿತ್ತು.

ಈ ಎಡವಟ್ಟಿನಲ್ಲಿ ನಮಗೆ ದೊಡ್ಡವರ ಜೊತೆಯೂ ಇದೆಯೆಂದು ಆಮೇಲೆ ತಿಳಿಯಿತು. 1800ರಲ್ಲಿ, ವೋಲ್ಟಾ ಕಂಡುಹಿಡಿದ ಬ್ಯಾಟರಿಯ ಸುದ್ದಿ ಲಂಡನ್ನಿಗೆ ಬಂದ ಕೂಡಲೇ ಅದರಿಂದ ನೀರನ್ನು ಒಡೆದ ನಿಕಲ್ಸನ್ ಮತ್ತು ಕಾರ್ಲೈಲ್ ಕೂಡ ಮೊದಲು ಹಿತ್ತಾಳೆಯ ತಂತಿಗಳನ್ನೇ ಬಳಸಿದ್ದರು. ಅವರಿಗೂ ಒಂದು ತುದಿಯಲ್ಲಿ ಹೈಡ್ರೋಜನ್ ಬಂದು ಇನ್ನೊಂದು ತುದಿಯ ತಂತಿ ಕೆಡುತ್ತಿತ್ತು. ಪ್ಲಾಟಿನಂ ತಂತಿ ಹಾಕಿದ ಮೇಲೆಯೇ ಎರಡೂ ಕಡೆ ಅನಿಲ ಕಂಡದ್ದು. ನಮಗೆ ಪ್ಲಾಟಿನಂ ಎಲ್ಲಿಂದ ಬರಬೇಕು? ಹಳೆಯ ಟಾರ್ಚ್ ಸೆಲ್ಲುಗಳನ್ನು ಒಡೆದೆವು.

ದೊಡ್ಡ ಟಾರ್ಚಿನ ಸಾದಾ ಸೆಲ್ಲಿನ ತಗಡನ್ನು ಇಕ್ಕಳದಿಂದ ಸುಲಿದರೆ ಸತುವಿನ ಡಬ್ಬಿ ಸಿಗುತ್ತದೆ, ಅದರೊಳಗೆ ಮ್ಯಾಂಗನೀಸ್ ಡೈಆಕ್ಸೈಡಿನ ಕರಿಮುದ್ದೆ, ನಟ್ಟನಡುವೆ ಪೆನ್ಸಿಲಿಗಿಂತ ತುಸು ದಪ್ಪನೆಯ ಇಂಗಾಲದ ಕಡ್ಡಿ. ಕಡ್ಡಿಯ ತಲೆಯ ಮೇಲಿನ ಲೋಹದ ಟೊಪ್ಪಿಯನ್ನು ಕೀಳದೆ ಉಳಿಸಿಕೊಂಡರೆ ತಂತಿ ಸುತ್ತಲು ಅನುಕೂಲ. ಈ ಕೆಲಸವನ್ನು ಅಂಗಳದಲ್ಲಿ, ಹಳೆಯ ಪೇಪರ್ ಹಾಸಿಕೊಂಡು ಮಾಡಬೇಕು. ಆ ಕಪ್ಪು ಜಗಲಿಯ ಸಾರಣೆಗೆ ಹತ್ತಿದರೆ ಏನಾಗುತ್ತದೆಂಬುದನ್ನು ನಮ್ಮ ಅಮ್ಮ ನನಗೆ ಎರಡು ದಿನ ವಿವರಿಸಿದರು. ಆಲ್ಕಲೈನ್ ಸೆಲ್ಲುಗಳನ್ನೂ ಚಾರ್ಜ್ ಮಾಡುವ ಸೆಲ್ಲುಗಳನ್ನೂ ಒಡೆಯಲೇಬಾರದು. ಅವುಗಳಲ್ಲಿ ಈ ಕಡ್ಡಿ ಇರುವುದೂ ಇಲ್ಲ, ಒಳಗಿರುವ ವಸ್ತುಗಳು ಅಪಾಯಕಾರಿ.

ನಿಜವಾದ ಕಾಟ ಸೋರಿಕೆಯದು. ಕಡ್ಡಿಗಳನ್ನು ಮಗ್ಗಿನ ತಳದ ತೂತುಗಳಲ್ಲಿ ನಿಲ್ಲಿಸಿ ಸುತ್ತಲೂ ಮೇಣದಬತ್ತಿಯ ಮೇಣ ಸುರಿದೆವು. ತಂತಿ ಎಳೆದಾಗ ಕಡ್ಡಿ ಒಂದಿಷ್ಟು ಅಲುಗಿದರೂ ಮೇಣ ಬಿರುಕು ಬಿಟ್ಟು ನೀರು ಜಿನುಗುತ್ತಿತ್ತು. ಎಂ-ಸೀಲ್ ಕಲಸಿ ಮೆತ್ತಿದಾಗ ಕಲ್ಲಿನಂತೆ ಗಟ್ಟಿಯಾಯಿತು, ಆದರೆ ಮಾರನೆಯ ದಿನ ಉಗುರಿನಿಂದ ಮೀಟಿದರೆ ಇಡಿಯಾಗಿ ಬಿಲ್ಲೆಯಂತೆ ಎದ್ದುಬಂತು. ಬಚ್ಚಲುಮನೆಯ ಮಗ್ಗುಗಳನ್ನು ಮಾಡುವ ಜಿಡ್ಡುಜಿಡ್ಡಾದ ಪ್ಲಾಸ್ಟಿಕ್ಕಿಗೆ ಇಂಥ ಅಂಟುಗಳು ಕಚ್ಚುವುದಿಲ್ಲವೆಂಬುದು ಆಗ ಗೊತ್ತಾದದ್ದು. ಅಜ್ಜ ಇದನ್ನೆಲ್ಲ ನೋಡುತ್ತ ಕೂತಿದ್ದವರು, “ಹಲಸಿನ ಮೇಣ ಇಲ್ವನೋ?” ಎಂದರು. ಒಡೆದ ಮಣ್ಣಿನ ಪಾತ್ರೆಗಳಿಗೆ ಹಿಂದಿನವರು ಅದನ್ನೇ ಕಾಯಿಸಿ ಹಚ್ಚುತ್ತಿದ್ದರಂತೆ. ಹಲಸಿನ ಕಾಲ ಮುಗಿಯುತ್ತ ಬಂದಿದ್ದರೂ ಅಡುಗೆಮನೆಯ ಕೋಲಿಗೆ ಸುತ್ತಿಟ್ಟ ಮೇಣದ ಉಂಡೆಯೊಂದಿತ್ತು. ಅದನ್ನು ಕೆಂಡದ ಮೇಲೆ ಮೆತ್ತಗೆ ಮಾಡಿ ಒತ್ತಿದಾಗ, ಅಂಗಡಿಯ ಅಂಟು ಸೋತ ಕಡೆ ಅದು ಮೂರು ದಿನ ತಡೆಯಿತು. ನಾಲ್ಕನೆಯ ದಿನ ಶಾಲೆಗೆ ಒಯ್ಯುವಾಗ ಕಡ್ಡಿಯೊಂದು ವಾಲಿ, ಅದೂ ಬಿಟ್ಟಿತು. ಕೊನೆಗೆ ಕೆಲಸಕ್ಕೆ ಬಂದದ್ದು ದನದ ಡಾಕ್ಟರು ಕೊಟ್ಟಿಗೆಯಲ್ಲಿ ಬಿಟ್ಟುಹೋದ ಇಂಜೆಕ್ಷನ್ ಸೀಸೆಗಳ ರಬ್ಬರ್ ಬಿರಡೆಗಳು. ಬಿಸಿನೀರಿನಲ್ಲಿ ಕುದಿಸಿ ತೊಳೆದು, ನಡುವೆ ಕಡ್ಡಿಗಿಂತ ಸಣ್ಣ ತೂತು ಕೊರೆದು, ಮಗ್ಗಿನ ತೂತನ್ನೂ ಬಿರಡೆಗಿಂತ ತುಸು ಕಿರಿದಾಗಿಯೇ ಇಟ್ಟು, ಸೋಪು ಸವರಿ ಒಳಗಿನಿಂದ ತಿರುಪುತ್ತ ಒತ್ತಿದರೆ ಯಾವ ಅಂಟೂ ಬೇಡ. ಹಳೆಯ ಮಗ್ಗಿನ ತೂತುಗಳು ಅಷ್ಟರಲ್ಲಿ ಹಿಗ್ಗಿಹೋಗಿದ್ದರಿಂದ ಹೊಸ ಮಗ್ಗನ್ನು ತಂದು, ಕಾದ ಮೊಳೆಯಿಂದ ತೂತು ಮಾಡಬೇಕಾಯಿತು. ಹೀಗೆ, ಸರಿಪಡಿಸಲು ಕೊಟ್ಟ ಮಗ್ಗಿನಲ್ಲಿ ಉಳಿದದ್ದು ಹಿಡಿಕೆಗೆ ಕಟ್ಟಿದ್ದ ದಾರ ಮಾತ್ರ.

ಒಂದು ಭಾನುವಾರ ಮನೆಯಲ್ಲೇ ಪರೀಕ್ಷಿಸುವ ಆತುರ ಹತ್ತಿತು. ಮನೆಯಲ್ಲಿ ಆಮ್ಲವಿಲ್ಲ, ಉಪ್ಪು ಹಾಕಿದರೂ ವಿದ್ಯುತ್ ಹರಿಯುತ್ತದಲ್ಲ ಎಂದು ಎರಡು ಚಮಚ ಕಲ್ಲುಪ್ಪು ಕರಗಿಸಿದೆವು. ಗುಳ್ಳೆಗಳೇನೋ ಎರಡೂ ಕಡೆ ಬಂದವು. ಐದು ನಿಮಿಷದಲ್ಲಿ ಜಗಲಿಯ ತುಂಬ ಪಂಚಾಯಿತಿಯವರು ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನದ ವಾಸನೆ. ಧನ ತುದಿಯಲ್ಲಿ ಬರುತ್ತಿದ್ದದ್ದು ಆಮ್ಲಜನಕವಲ್ಲ, ಕ್ಲೋರಿನ್. ಇದೇ ಕ್ರಿಯೆ ಎರಡನೆಯ ಅಧ್ಯಾಯದಲ್ಲಿ ಕ್ಲೋರ್-ಅಲ್ಕಲಿ ವಿಧಾನವೆಂದು ಬರುತ್ತದೆ, ಆದರೆ ಆ ಅಧ್ಯಾಯಕ್ಕೆ ನಾವಿನ್ನೂ ತಲುಪಿರಲಿಲ್ಲ. ತಂತಿ ಬಿಚ್ಚಿ, ಮಗ್ಗನ್ನು ಅಂಗಳದ ಮೂಲೆಗಿಟ್ಟು, ಗಾಳಿಯಾಡಲು ಬಿಟ್ಟು ದೂರ ಕೂತೆವು. ಸುರಿಯುವ ಮೊದಲು ಋಣ ಕಡ್ಡಿಯ ಬಳಿಯ ನೀರಿಗೆ ಅರಿಶಿನ ಬಳಿದ ಕಾಗದ ಮುಟ್ಟಿಸಿದಾಗ ಅದು ಕೆಂಪಾದದ್ದು, ಅಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಉಂಟಾಗಿದೆಯೆಂಬುದಕ್ಕೆ ಗುರುತು. ಈ ಭಾಗವನ್ನು ಯಾರೂ ಮುಚ್ಚಿದ ಕೋಣೆಯಲ್ಲಿ ಮಾಡಿ ನೋಡಬಾರದು. ಮೇಷ್ಟ್ರಿಗೆ ಹೇಳಿದಾಗ ನಮಗೆ ಸಿಕ್ಕ ಬೈಗುಳ ನ್ಯಾಯವಾದದ್ದೇ.

ಶಾಲೆಯಲ್ಲಿ ಆಮ್ಲ ಹಾಕಿ ನಡೆಸುವ ಮೊದಲು ಪ್ರನಾಳಗಳಿಗೆ ಅಳತೆಯ ಗುರುತು ಬೇಕಿತ್ತು. 5 ಮಿ.ಲೀ. ಸಿರಿಂಜಿನಿಂದ ಒಂದೊಂದೇ ಮಿ.ಲೀ. ನೀರು ಬಿಟ್ಟು, ಪ್ರತಿ ಮಟ್ಟಕ್ಕೂ ಕಾಗದದ ಪಟ್ಟಿಯ ಮೇಲೆ ಗೆರೆ ಹಾಕಿ, ಪಟ್ಟಿಯನ್ನು ಟೇಪಿನಿಂದ ಅಂಟಿಸಿದೆವು. ತಳ ದುಂಡಗಿರುವುದರಿಂದ ಮೊದಲ ಗೆರೆಗಳ ಅಂತರ ಸಮನಾಗಿರುವುದಿಲ್ಲ, ಸ್ಕೇಲಿನಿಂದ ಅಳೆದು ಗೆರೆ ಎಳೆದರೆ ಲೆಕ್ಕ ತಪ್ಪುತ್ತದೆ. ಮೇಷ್ಟ್ರು ನೀರಿಗೆ ಆಮ್ಲವನ್ನು ಹನಿಹನಿಯಾಗಿ ಬಿಟ್ಟರು (ಆಮ್ಲಕ್ಕೆ ನೀರನ್ನು ಎಂದಿಗೂ ಸುರಿಯಬಾರದು, ಕುದಿದು ಸಿಡಿಯುತ್ತದೆ). ಇಡೀ ತರಗತಿ ಮೇಜನ್ನು ಸುತ್ತುಗಟ್ಟಿತ್ತು. ಎರಡೂ ಪ್ರನಾಳಗಳಲ್ಲಿ ನೀರು ಕೆಳಗಿಳಿಯಿತು. ಹೈಡ್ರೋಜನ್ 16 ಮಿ.ಲೀ. ಆದಾಗ ಆಮ್ಲಜನಕ ಐದೂವರೆ.

“ಮೂರಕ್ಕೆ ಒಂದು, ಸಾರ್” ಎಂದೆ. “ಹಾಗಾದರೆ ಹಾಗೆಯೇ ಬರಿ” ಎಂದರು. ಬರೆದೆ. ಆ ಸಂಖ್ಯೆಯ ಪ್ರಕಾರ ಹೋದರೆ ನೀರಿನ ಅಣುವಿನಲ್ಲಿ ಒಂದು ಆಮ್ಲಜನಕಕ್ಕೆ ಎರಡರ ಬದಲು ಮೂರು ಹೈಡ್ರೋಜನ್ ಇರಬೇಕಾಗುತ್ತದೆ.

ಕಳೆದುಹೋದ ಎರಡೂವರೆ ಮಿ.ಲೀ. ಎಲ್ಲಿ ಹೋಯಿತೆಂದು ಹುಡುಕಿದ ಮೂರು ವಾರಗಳೇ ಈ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಭಾಗ. ಮೊದಲ ಕಳ್ಳ ಸುಲಭವಾಗಿ ಸಿಕ್ಕಿಬಿದ್ದ: ಧನ ಕಡ್ಡಿಯ ಬುಡದ ಭಾಗ ಪ್ರನಾಳದ ಬಾಯಿಯಿಂದ ಹೊರಗಿತ್ತು, ಅಲ್ಲಿ ಹುಟ್ಟಿದ ಗುಳ್ಳೆಗಳು ಪ್ರನಾಳದ ಹೊರಗಿನಿಂದಲೇ ಮೇಲೇರಿ ಹೋಗುತ್ತಿದ್ದವು. ಸೈಕಲ್ ವಾಲ್ವಿನ ರಬ್ಬರ್ ಕೊಳವೆ ಕಡ್ಡಿಗೆ ಸಾಲದ್ದರಿಂದ ಬುಡಕ್ಕೆ ಟ್ಯೂಬಿನ ಪಟ್ಟಿ ಬಿಗಿದು ಸುತ್ತಿ ಮುಚ್ಚಿದೆವು. ಆಮ್ಲಜನಕ ಆರರ ಮೇಲೆ ಬಂತು. ಎರಡನೆಯದು ಇಂಗಾಲದ್ದೇ ಕಿತಾಪತಿ. ಪ್ರತಿ ಸಲ ನಡೆಸಿದ ಮೇಲೂ ಮಗ್ಗಿನ ತಳದಲ್ಲಿ ಸಣ್ಣ ಕಪ್ಪು ಪುಡಿ ಕಾಣುತ್ತಿತ್ತು, ಅದೂ ಧನ ಕಡ್ಡಿಯ ಕೆಳಗೆ ಮಾತ್ರ. ಹುಟ್ಟಿದ ಆಮ್ಲಜನಕದಲ್ಲಿ ಒಂದು ಪಾಲು ಕಡ್ಡಿಯ ಇಂಗಾಲವನ್ನೇ ತಿಂದು ಕಾರ್ಬನ್ ಡೈಆಕ್ಸೈಡ್ ಆಗುತ್ತಿರಬಹುದೇ ಎಂದು ಮೇಷ್ಟ್ರು ಕೇಳಿದರು. ಪರೀಕ್ಷೆಗೆ ತಿಳಿ ಸುಣ್ಣದ ನೀರು ಬೇಕು. ಅದಕ್ಕೆ ಅಜ್ಜನ ಎಲೆಅಡಿಕೆ ತಟ್ಟೆಯ ಸುಣ್ಣ ಸಾಕಾಯಿತು, ನೀರಿನಲ್ಲಿ ಕದಡಿ ರಾತ್ರಿಯಿಡೀ ಬಿಟ್ಟು ಮೇಲಿನ ತಿಳಿಯನ್ನು ಬಗ್ಗಿಸಿಕೊಂಡೆವು. ಮೊದಲ ಸಲ ಪ್ರನಾಳಕ್ಕೆ ಹಾಕಿ ಅಲ್ಲಾಡಿಸಿದಾಗ ಏನೂ ಆಗಲಿಲ್ಲ, ಏಕೆಂದರೆ ಗಾಜಿಗೆ ಅಂಟಿದ್ದ ಆಮ್ಲದ ಹನಿಗಳೇ ಸುಣ್ಣವನ್ನು ನುಂಗಿದ್ದವು. ಎರಡನೆಯ ಸಲ ಸುಣ್ಣದ ನೀರನ್ನು ಧಾರಾಳವಾಗಿ ಹಾಕಿದಾಗ ತೆಳುವಾಗಿ, ನೀರು ಬೆರೆಸಿದ ಮಜ್ಜಿಗೆಯಂತೆ, ಬೆಳ್ಳಗಾಯಿತು.

ಇಂಗಾಲವನ್ನು ಕೈಬಿಡಬೇಕೆಂದು ತೀರ್ಮಾನವಾದದ್ದು ಹೀಗೆ. ಪುಸ್ತಕದಲ್ಲಿ ಇಂಗಾಲವೆಂದಿರುವುದು ತಪ್ಪಲ್ಲ, ಅದು ಅಗ್ಗ, ಎಲ್ಲೆಡೆ ಸಿಗುತ್ತದೆ, ಎರಡು ಅನಿಲ ಬರುವುದನ್ನು ತೋರಿಸಲು ಸಾಕು. ಅಳೆಯುವುದಕ್ಕೆ ಸಾಲದು, ಅಷ್ಟೆ. ನನ್ನ ಜೊತೆಗಾರನ ಮಾವ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದವರು ಎರಡು ಅಂಗುಲದ ಎರಡು ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು, ನಾಲ್ಕು ನಟ್ಟು ತಂದುಕೊಟ್ಟರು. ಸ್ಟೀಲಿಗೆ ಆಮ್ಲ ಸರಿಹೋಗದು, ಕ್ಷಾರ ಸರಿ. ಆದ್ದರಿಂದ ಆಮ್ಲದ ಜಾಗಕ್ಕೆ ಅಂಗಡಿಯ ವಾಷಿಂಗ್ ಸೋಡಾ ಬಂತು. ಅಡುಗೆ ಸೋಡಾ ಮನೆಯಲ್ಲೇ ಇತ್ತು, ಆದರೆ ಧನ ತುದಿಯಲ್ಲಿ ಹುಟ್ಟುವ ಆಮ್ಲೀಯತೆಗೆ ಅದು ಕಾರ್ಬನ್ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಅಳತೆ ಮತ್ತೆ ಕೆಡುತ್ತದೆ. ಉಪ್ಪಿನ ನೀರಿನಲ್ಲಂತೂ ಸ್ಟೇನ್‌ಲೆಸ್ ಸ್ಟೀಲನ್ನು ಬಳಸಲೇಬಾರದು. ಅದರೊಳಗಿನ ಕ್ರೋಮಿಯಂ ಕರಗಿ ವಿಷಕಾರಿ ಸಂಯುಕ್ತವಾಗಬಲ್ಲದು. ನಮ್ಮದು ಸೋಡಾ ನೀರೇ ಆದರೂ ಪ್ರತಿ ಸಲ ಹತ್ತಿಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಡೆಸುತ್ತಿರಲಿಲ್ಲ, ನೀರು ಹಳದಿಯಾಗಿದೆಯೇ ಎಂದು ನೋಡುತ್ತಿದ್ದೆವು.

ಬೋಲ್ಟು ಬಂದದ್ದರಿಂದ ಸೋರಿಕೆಯ ಕಥೆಯೂ ಮುಗಿಯಿತು. ಸೈಕಲ್ ಟ್ಯೂಬಿನಿಂದ ಕತ್ತರಿಸಿದ ವಾಷರುಗಳನ್ನು ತಳದ ಒಳಗೂ ಹೊರಗೂ ಇಟ್ಟು ನಟ್ಟು ಬಿಗಿದರೆ ಮಗ್ಗನ್ನು ತಲೆಯ ಮೇಲೆ ಹೊತ್ತು ಕುಣಿದರೂ ಹನಿ ಬೀಳದು. ತಂತಿಯನ್ನು ಹೊರಗಿನ ಎರಡನೆಯ ನಟ್ಟಿನ ಕೆಳಗೆ ಸಿಕ್ಕಿಸುವುದರಿಂದ ತಾಮ್ರಕ್ಕೆ ನೀರು ಮುಟ್ಟುವ ಪ್ರಶ್ನೆಯೇ ಇಲ್ಲ. ಮಗ್ಗು ನಿಲ್ಲಲು ಮಾತ್ರ ಕೆಳಗೆ ಎತ್ತರ ಬೇಕು. ತೆಂಗಿನ ಚಿಪ್ಪಿನ ಕಂಠವನ್ನು ಗರಗಸದಿಂದ ಕೊಯ್ದು ಬಳೆ ಮಾಡಿಕೊಂಡೆವು.

ವಿದ್ಯುತ್ತಿನ ವಿಷಯ ಸ್ವಲ್ಪದರಲ್ಲಿ ಹೇಳಿ ಮುಗಿಸುತ್ತೇನೆ. ಟಾರ್ಚ್ ಸೆಲ್ಲುಗಳು ನಾಲ್ಕೈದು ಸಲಕ್ಕೆ ಸೊರಗಿದವು. ಕೆಟ್ಟ ಮೊಬೈಲಿನ 5 ವೋಲ್ಟ್ ಚಾರ್ಜರಿನ ವಯರು ಕತ್ತರಿಸಿ ಕೆಂಪು, ಕಪ್ಪು ತಂತಿಗಳನ್ನು ಜೋಡಿಸಿದೆವು, ಅದು ಚೆನ್ನಾಗಿಯೇ ನಡೆಯಿತು, ಕರೆಂಟು ಇದ್ದಾಗ. ನಮ್ಮ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಕೆಳಗೆ 1035 ಮೆಗಾವ್ಯಾಟ್‌ನ ಒಂದು ವಿದ್ಯುದಾಗಾರವನ್ನೇ ನಡೆಸುತ್ತಾಳೆ, ಆದರೂ ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದರೆ ನಮಗೆ ಎರಡು ದಿನ ಕತ್ತಲೆ. ಮೇಷ್ಟ್ರ ಪವರ್ ಬ್ಯಾಂಕ್ ಕೂಡ 5 ವೋಲ್ಟ್ ಕೊಡುತ್ತದೆಂದು ನೆನಪಾದ ಮೇಲೆ ಈ ತಾಪತ್ರಯ ತಪ್ಪಿತು. ಗೋಡೆಯ ಸಾಕೆಟ್ಟಿನ ವಿದ್ಯುತ್ತನ್ನು ನೇರವಾಗಿ ನೀರಿಗೆ ತರುವ ಯೋಚನೆಯನ್ನು ಯಾರೂ ಮಾಡಬಾರದು.

ಬೋಲ್ಟು ಮತ್ತು ಸೋಡಾದ ಮೊದಲ ಓಟದಲ್ಲಿ ಹತ್ತು ನಿಮಿಷಕ್ಕೆ ಹೈಡ್ರೋಜನ್ 14.5, ಆಮ್ಲಜನಕ 6.5 ಮಿ.ಲೀ. ಬಂತು. ಇನ್ನೂ ಮುಕ್ಕಾಲು ಮಿ.ಲೀ. ಸಾಲ ಉಳಿದಿತ್ತು. ಆಮ್ಲಜನಕವು ಹೈಡ್ರೋಜನ್ನಿಗಿಂತ ಹೆಚ್ಚಾಗಿ ನೀರಿನಲ್ಲಿ ಕರಗುತ್ತದೆ. ಹೊಸ ನೀರು ಮೊದಲು ತನ್ನ ಪಾಲನ್ನು ಇಟ್ಟುಕೊಂಡು ಮಿಕ್ಕದ್ದನ್ನು ಮೇಲೆ ಕಳಿಸುತ್ತದೆ. ಆದ್ದರಿಂದ ಪ್ರನಾಳ ಮುಚ್ಚದೆಯೇ ಹದಿನೈದು ನಿಮಿಷ ವಿದ್ಯುತ್ ಹರಿಸಿ, ನೀರಿಗೆ ಅನಿಲ ತುಂಬಿಸಿ, ಅದೇ ನೀರನ್ನು ಪ್ರನಾಳಗಳಿಗೂ ತುಂಬಿ ಮತ್ತೆ ಹತ್ತು ನಿಮಿಷ ನಡೆಸಿದೆವು. 14.5 ಮತ್ತು 7. ನನ್ನ ಜೊತೆಗಾರ ಪಟ್ಟಿಯ ಗೆರೆಗೆ ಕಣ್ಣು ಸಮನಾಗಿಟ್ಟು ಮೂರು ಸಲ ಓದಿದ, ನಾನು ಬೇರೆಯಾಗಿ ಮೂರು ಸಲ ಓದಿದೆ. ಪ್ರನಾಳದ ಒಳಗೂ ಹೊರಗೂ ನೀರಿನ ಮಟ್ಟ ಬೇರೆಬೇರೆ ಇದ್ದರೆ ಒತ್ತಡದ ವ್ಯತ್ಯಾಸದಿಂದ ಗಾತ್ರ ಬದಲಾಗುವುದಿಲ್ಲವೇ ಎಂದು ಹುಡುಗಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ, ಆದರೆ 10 ಸೆಂ.ಮೀ. ನೀರಿನ ಎತ್ತರವೆಂದರೆ ವಾಯುಭಾರದ ನೂರರಲ್ಲಿ ಒಂದು ಪಾಲು, ನಮ್ಮ ಕಾಗದದ ಗೆರೆಗಿಂತ ಸಣ್ಣದು.

ಈಗ ಪಿಯುಸಿಯಲ್ಲಿ ಫ್ಯಾರಡೆಯ ನಿಯಮ (ಹರಿದ ವಿದ್ಯುತ್ತಿಗೆ ತಕ್ಕಷ್ಟೇ ಅನಿಲ ಬರುತ್ತದೆಂಬುದು) ಓದುವಾಗ ಆ ಹಳೆಯ ಪುಟವನ್ನು ತೆಗೆದು ಲೆಕ್ಕ ಹಾಕಿ ನೋಡಿದೆ. ಅಂದು ಮಲ್ಟಿಮೀಟರ್ 0.2 ಆಂಪಿಯರ್ ತೋರಿಸುತ್ತಿತ್ತು. ಹತ್ತು ನಿಮಿಷಕ್ಕೆ 120 ಕೂಲಂಬ್. ಒಂದು ಮೋಲ್ ಎಲೆಕ್ಟ್ರಾನಿಗೆ ಸುಮಾರು 96,500 ಕೂಲಂಬ್, ಒಂದು ಹೈಡ್ರೋಜನ್ ಅಣುವಿಗೆ ಎರಡು ಎಲೆಕ್ಟ್ರಾನ್, ಕೋಣೆಯ ಉಷ್ಣತೆಯಲ್ಲಿ ಒಂದು ಮೋಲ್ ಅನಿಲಕ್ಕೆ 24 ಲೀಟರ್ ಚಿಲ್ಲರೆ. ಬರಬೇಕಾದದ್ದು ಸುಮಾರು 15 ಮಿ.ಲೀ. ಬಚ್ಚಲುಮನೆಯ ಮಗ್ಗು ಇಷ್ಟು ಹತ್ತಿರ ಬರುತ್ತದೆಂದು ನಾನು ಎಣಿಸಿರಲಿಲ್ಲ.

ತರಗತಿಗೆ ತೋರಿಸಿದ ದಿನ ಬೆಂಕಿಪೆಟ್ಟಿಗೆಯದೇ ದೊಡ್ಡ ತಕರಾರು. ಮಳೆಗಾಲದ ತೇವಕ್ಕೆ ಕಡ್ಡಿಗಳ ಮದ್ದು ಕರಗಿ ಗೀರಿದಲ್ಲೆಲ್ಲ ಉದುರುತ್ತಿತ್ತು. ಬಿಸಿಯೂಟದ ಅಡುಗೆಯವರು ಒಲೆಯ ಪಕ್ಕ ಒಣಗಿಸಿಟ್ಟ ಪೆಟ್ಟಿಗೆಯನ್ನು ತಂದುಕೊಟ್ಟರು. ಹೈಡ್ರೋಜನ್ ಪ್ರನಾಳವನ್ನು ಹೆಬ್ಬೆರಳಿನಿಂದ ಮುಚ್ಚಿ, ಬಾಯಿ ಕೆಳಗಾಗಿಯೇ ಹಿಡಿದು ಕಡ್ಡಿ ತಂದಾಗ ನಾಯಿಮರಿ ಬೊಗಳಿದಂತೆ ‘ಪಟ್’ ಎಂದಿತು. ಆಮ್ಲಜನಕದ ಪ್ರನಾಳಕ್ಕೆ ಕೆಂಡದ ತುದಿಯ ಊದುಬತ್ತಿ ಇಳಿಬಿಟ್ಟಾಗ ಜ್ವಾಲೆ ಎದ್ದಿತು, ಆರಿತು, ಎರಡನೆಯ ಸಲ ಏಳಲಿಲ್ಲ; 7 ಮಿ.ಲೀ. ಒಂದೇ ಸಲಕ್ಕೆ ಸಾಕಾಗುವಷ್ಟು. ಹಿಂದಿನ ಬೆಂಚಿನವರಿಗೆ ಕಾಣಲಿಲ್ಲವೆಂದು ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು.

ರೆಕಾರ್ಡಿನಲ್ಲಿ ಮೂರಕ್ಕೆ ಒಂದು ಎಂದು ಬರೆದ ಪುಟವನ್ನು ಹರಿಯಲು ಮೇಷ್ಟ್ರು ಬಿಡಲಿಲ್ಲ. ಅದರ ಎದುರಿನ ಪುಟದಲ್ಲಿ 14.5 ಮತ್ತು 7 ಎಂದು ಬರೆದು, ನಡುವೆ ಏನೇನು ಬದಲಾಯಿಸಿದೆವೆಂಬುದನ್ನು ದಿನಾಂಕದೊಂದಿಗೆ ಸೇರಿಸಿದೆವು. ಮಗ್ಗು ಈಗಲೂ ಅದೇ ಬೀರುವಿನಲ್ಲಿದೆ. ಕಳೆದ ತಿಂಗಳು ಊರಿಗೆ ಹೋದಾಗ ನೋಡಿದೆ: ಧನ ತುದಿಯ ಬೋಲ್ಟು ಕಂದುಬಣ್ಣಕ್ಕೆ ತಿರುಗಿದೆ, ಟ್ಯೂಬಿನ ವಾಷರುಗಳು ಗಡುಸಾಗಿವೆ, ಮುಂದಿನ ಮಳೆಗಾಲದೊಳಗೆ ಬದಲಿಸಬೇಕು.